ಕುಲುಮೆಯ ಚೂರಿ: ಅಂಕುಡೊಂಕಿನಲ್ಲಿ ಉಳಿದ ಇತಿಹಾಸ

ಇತಿಹಾಸದ ಪುಸ್ತಕಗಳಲ್ಲಿ ಖಡ್ಗಕ್ಕೆ ದೊರೆತ ಗೌರವ ಚೂರಿಗೆ ದೊರೆತಿಲ್ಲ. ಕೃಷ್ಣೆ-ತುಂಗಭದ್ರೆಯರ ನಡುವಿನ ನಮ್ಮ ದೋಆಬಿಗಾಗಿ ನಡೆದ ಯುದ್ಧಗಳನ್ನು ನಾನು ವರ್ಷವರ್ಷವೂ ಪಾಠ ಮಾಡಿದ್ದೇನೆ. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಗೆದ್ದದ್ದನ್ನು ನೀವೂ ಪರೀಕ್ಷೆಯಲ್ಲಿ ಬರೆದಿದ್ದೀರಿ. ಆದರೆ ಆ ಯುದ್ಧದ ಮುಂಚೆಯೂ ಆಮೇಲೆಯೂ ಈ ನೆಲದ ಮನೆಮನೆಯಲ್ಲಿ ಕಾಯಿಪಲ್ಯ ಹೆಚ್ಚಿದ, ಹಗ್ಗ ಕೊಯ್ದ, ಕುರಿಯ ಚರ್ಮ ಬಿಡಿಸಿದ ಚೂರಿಯ ಬಗ್ಗೆ ನಮ್ಮ ಪಠ್ಯದಲ್ಲಿ ಒಂದು ಸಾಲೂ ಇರಲಿಲ್ಲ. ಖಡ್ಗವನ್ನು ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಕಾಪಾಡುತ್ತದೆ. ಚೂರಿ ಸವೆದು ಸವೆದು ಕೊನೆಗೆ ಮೋಡಕಾ ಅಂಗಡಿಯ ತಕ್ಕಡಿಯನ್ನು ಸೇರುತ್ತದೆ. ಈ ಲೇಖನ ಅಂಥ ಚೂರಿಯ ಪರವಾಗಿ.

ನಾನು ಹೇಳುತ್ತಿರುವುದು ಪೇಟೆಯಲ್ಲಿ ಸಿಗುವ, ಒಂದರಂತೆ ಇನ್ನೊಂದಿರುವ ಹೊಳೆಯುವ ಚಾಕುಗಳನ್ನಲ್ಲ. ಊರ ಕಂಬಾರನು ಕುಲುಮೆಯಲ್ಲಿ ಬಡಿದು ಮಾಡಿಕೊಟ್ಟ, ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು, ಹಿಡಿಕೆ ತುಸು ಓರೆ, ಅಲಗಿನ ಮೇಲೆ ಸುತ್ತಿಗೆಯ ಗುರುತು ಉಳಿದಿರುವ ಚೂರಿಗಳನ್ನು. ಅವುಗಳಲ್ಲಿ ಕುರುಬರ ಸೊಂಟದ ಚೂರಿ ಇದೆ, ಬೇಟೆಗೆ ಹೋಗುತ್ತಿದ್ದವರ ಚೂರಿ ಇದೆ, ಅಡುಗೆಮನೆಯ ಈಳಿಗೆಯೂ ಇದೆ. ‘ಒರಟು ಕೆಲಸ’ ಎಂದು ನಾವು ತಳ್ಳಿಹಾಕುವ ಆ ಅಂಕುಡೊಂಕುಗಳನ್ನು ಓದಲು ಕಲಿತರೆ ಅವು ದಾಖಲೆಗಳಂತೆ ಮಾತನಾಡುತ್ತವೆ.

ಮೊದಲು ಕಾಲದ ಆಳವನ್ನು ನೋಡೋಣ. ನಮ್ಮ ಜಾಲಹಳ್ಳಿಯಿಂದ ಹೆಚ್ಚು ದೂರವಿಲ್ಲದ ಮಸ್ಕಿಯು 1915ರಲ್ಲಿ ಅಶೋಕನ ಹೆಸರುಳ್ಳ ಶಾಸನ ಸಿಕ್ಕಿದ್ದರಿಂದ ಜಗತ್ಪ್ರಸಿದ್ಧವಾಯಿತು. ಆದರೆ ಮಸ್ಕಿಯ ಮಣ್ಣಿನಲ್ಲಿ ಅಶೋಕನಿಗಿಂತ ಹಳೆಯ ಸಂಗತಿಗಳಿವೆ. 1954ರಲ್ಲಿ ಬಿ. ಕೆ. ಥಾಪರ್ ಅವರು ಅಲ್ಲಿ ಉತ್ಖನನ ನಡೆಸಿದಾಗ ಕೆಳಗಿನ ಸ್ತರಗಳಲ್ಲಿ ಚರ್ಟ್, ಅಗೇಟ್ ಮುಂತಾದ ಕಲ್ಲುಗಳಿಂದ ಸೀಳಿ ತೆಗೆದ ಸಣ್ಣ ಅಲಗುಗಳು ದೊರೆತವು. ನಮ್ಮ ಸೀಮೆಯ ಮೊದಲ ಚೂರಿಗಳು ಇವೇ. ಮೇಲಿನ ಬೃಹತ್ ಶಿಲಾಯುಗದ ಸ್ತರಕ್ಕೆ ಬಂದರೆ ಗೋರಿಗಳಲ್ಲಿ ಕಬ್ಬಿಣದ ಸಾಮಾನುಗಳಿವೆ. ಇದಕ್ಕೂ ನೂರು ವರ್ಷ ಹಿಂದೆ, ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ಜೇವರ್ಗಿಯ ಬಳಿಯ ಕಲ್ಲುಗೋರಿಗಳನ್ನು ಅಗೆಸಿದಾಗಲೂ ಕಬ್ಬಿಣದ ಆಯುಧಗಳ ಅವಶೇಷಗಳು ಸಿಕ್ಕಿದ್ದವು. ಸತ್ತವನಿಗೆ ಆ ಲೋಕದಲ್ಲಿಯೂ ಕಬ್ಬಿಣ ಬೇಕಾದೀತು ಎಂದು ನಂಬಿದ ಜನ ಅವರು. ಇಂದಿಗೂ ಬಾಣಂತಿಯ ತಲೆದಿಂಬಿನ ಕೆಳಗೆ ಚೂರಿ ಇಡುವ, ಮದುಮಗನ ಕೈಗೆ ನಿಂಬೆಹಣ್ಣು ಚುಚ್ಚಿದ ಕಠಾರಿ ಕೊಡುವ ನಮ್ಮ ಪದ್ಧತಿಗಳನ್ನು ನೋಡಿದರೆ ಕಬ್ಬಿಣದ ಮೇಲಿನ ಆ ಭರವಸೆ ಪೂರ್ತಿ ಹೋಗಿಲ್ಲವೆನಿಸುತ್ತದೆ.

ದಕ್ಷಿಣದಲ್ಲಿ ಕಬ್ಬಿಣ ಎಷ್ಟು ಹಳೆಯದು ಎಂಬ ಪ್ರಶ್ನೆಗೆ ಹಾವೇರಿ ಜಿಲ್ಲೆಯ ಹಳ್ಳೂರು ಒಂದು ಮುಖ್ಯ ಉತ್ತರ ಕೊಟ್ಟಿತು. 1965ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ನಡೆಸಿದ ಉತ್ಖನನದಿಂದ ಕಬ್ಬಿಣದ ಕಾಲ ಕ್ರಿ. ಪೂ. 1000ದ ಸುಮಾರಿಗೆ ಹೋಯಿತು. ಆಗ ಅದು ವಿದ್ವಾಂಸರಿಗೆ ಬೆರಗಿನ ಸಂಗತಿ. ಈಚೆಗೆ ತಮಿಳುನಾಡಿನ ಕೆಲವು ನೆಲೆಗಳ ಕಾಲನಿರ್ಣಯಗಳು ಇನ್ನೂ ಬಹಳ ಹಿಂದಕ್ಕೆ ಕರೆದೊಯ್ದಿದ್ದು, ಚರ್ಚೆ ಮುಂದುವರಿದಿದೆ. ಏನೇ ಇರಲಿ, ನಮ್ಮ ಊರ ಕುಲುಮೆಯ ಬೆಂಕಿಯ ಹಿಂದೆ ಮೂರು ಸಾವಿರ ವರ್ಷಗಳ ಬೆಂಕಿ ಇದೆ ಎಂಬುದರಲ್ಲಿ ಸಂಶಯವಿಲ್ಲ.

ಕಬ್ಬಿಣದಿಂದ ಉಕ್ಕಿಗೆ ಬಂದರೆ ಕನ್ನಡಿಗರು ಹೆಮ್ಮೆಪಡಬೇಕಾದ ಒಂದು ಕಥೆಯಿದೆ. ಇಂಗ್ಲಿಷಿನಲ್ಲಿ ‘ವೂಟ್ಜ್’ ಎಂದು ಪ್ರಸಿದ್ಧವಾದ ಶಬ್ದವು ನಮ್ಮ ‘ಉಕ್ಕು’ ಎಂಬ ಮಾತಿನಿಂದ ಹುಟ್ಟಿತೆಂಬುದು ಬಹುಜನ ವಿದ್ವಾಂಸರ ಅಭಿಪ್ರಾಯ. 1800-01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಈ ಉಕ್ಕನ್ನು ತಯಾರಿಸುವ ಬಗೆಯನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ತುಂಡು, ಅದರೊಡನೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ. ಬಾಯಿ ಮುಚ್ಚಿ ಮೆತ್ತಿ, ಇದ್ದಿಲ ಬೆಂಕಿಯಲ್ಲಿ ತಿದಿಯೊತ್ತಿ ಕಾಯಿಸಿದರೆ ಕಡ್ಡಿಯ ಇಂಗಾಲ ಕಬ್ಬಿಣದೊಳಗೆ ಇಳಿದು ಉಕ್ಕಾಗುತ್ತಿತ್ತು. ತಂಗಡಿ ಎಂದರೆ ನಮ್ಮ ಹೊಲದ ಬದುವಿನಲ್ಲಿ ಹಳದಿ ಹೂ ಬಿಟ್ಟು ನಿಲ್ಲುವ ಅದೇ ಗಿಡ! ನಮ್ಮ ಹಾಗೆಯೇ ಹಿಂದೆ ಹೈದರಾಬಾದ್ ಸಂಸ್ಥಾನದಲ್ಲಿದ್ದ, ಈಗ ತೆಲಂಗಾಣದಲ್ಲಿರುವ ಕೋನಸಮುದ್ರಂ ಎಂಬ ಹಳ್ಳಿಯ ಉಕ್ಕನ್ನು ಕೊಳ್ಳಲು ಪರ್ಷಿಯದ ವರ್ತಕರು ಬರುತ್ತಿದ್ದರು.

ಈ ಉಕ್ಕು ಇಂಗ್ಲೆಂಡಿಗೆ ಹೋದಾಗ ಅದರಿಂದ ಅಲ್ಲಿ ಮಾಡಿದ ಮೊದಮೊದಲ ವಸ್ತುಗಳಲ್ಲಿ ಒಂದು ಯಾವುದು ಗೊತ್ತೇ? ಖಡ್ಗವಲ್ಲ, ಲೇಖನಿ ಕೆತ್ತುವ ಜೇಬಿನ ಚಾಕು. 1794ರಲ್ಲಿ ಮುಂಬಯಿಯಿಂದ ಹೆಲೆನಸ್ ಸ್ಕಾಟ್ ಎಂಬ ವೈದ್ಯನು ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಉಕ್ಕಿನ ಮಾದರಿಗಳನ್ನು ಕಳುಹಿಸಿದ. ಅಧ್ಯಕ್ಷರ ಇಚ್ಛೆಯಂತೆ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕನು ಅದರ ಒಂದು ತುಂಡನ್ನು ಬಡಿದು ಚಾಕು ಮಾಡಿದ. ಅದರ ಬಾಯಿ ಅತ್ಯುತ್ತಮ ಉಕ್ಕಿನ ಚಾಕುವಿಗೆ ಸಮನಾಗಿತ್ತೆಂದು 1795ರ ಜಾರ್ಜ್ ಪಿಯರ್ಸನ್ನನ ಪ್ರಬಂಧ ದಾಖಲಿಸಿದೆ. ಮುಂದೆ ಇದೇ ಸ್ಟೋಡಾರ್ಟ್‌ನೊಡನೆ ಸೇರಿ ಮೈಕೇಲ್ ಫ್ಯಾರಡೆ ಉಕ್ಕಿನ ಮೇಲೆ ಪ್ರಯೋಗಗಳನ್ನು ಮಾಡಿದ. ವಿದ್ಯುತ್ತಿನ ಪಾಠದಲ್ಲಿ ನೀವು ಓದಿದ ಆ ಫ್ಯಾರಡೆ ಒಬ್ಬ ಕಂಬಾರನ ಮಗ ಎಂಬುದನ್ನು ನಾನು ತರಗತಿಯಲ್ಲಿ ಹೇಳದೆ ಬಿಟ್ಟ ವರ್ಷವಿಲ್ಲ.

ಇಲ್ಲಿ ಒಂದು ಎಚ್ಚರ ಬೇಕು. ನಮ್ಮ ಅಜ್ಜಿಯರ ಈಳಿಗೆಗಳೆಲ್ಲ ಆ ಜಗತ್ಪ್ರಸಿದ್ಧ ಉಕ್ಕಿನವು ಎಂದು ಯಾರೂ ಭ್ರಮಿಸಬಾರದು. ಮೂಸೆಯ ಉಕ್ಕು ದುಬಾರಿ. ಹತ್ತೊಂಬತ್ತನೆಯ ಶತಮಾನದಲ್ಲಿ ಯೂರೋಪಿನ ಅಗ್ಗದ ಉಕ್ಕು ಬಂದ ಮೇಲೆ ಆ ವಿದ್ಯೆಯೇ ನಿಂತುಹೋಯಿತು. ನಾನು ಕಂಡ ಕಾಲದಲ್ಲಿ ಊರ ಕಂಬಾರನು ಚೂರಿಗೆ ಬಳಸುತ್ತಿದ್ದುದು ಲಾರಿಯ ಮುರಿದ ಕಮಾನು ಪಟ್ಟಿ ಅಥವಾ ಸವೆದ ಅರ. ಲಾರಿಯ ಭಾರ ಹೊತ್ತು ದಣಿದ ಉಕ್ಕಿಗೆ ಅವನು ಎರಡನೆಯ ಜನ್ಮ ಕೊಡುತ್ತಿದ್ದ.

ಆ ಕೆಲಸವನ್ನು ನಾನು ಹಲವು ಸಲ ಕುಳಿತು ನೋಡಿದ್ದೇನೆ. ಶಾಲೆಯ ಮಕ್ಕಳನ್ನೂ ಕರೆದೊಯ್ದಿದ್ದುಂಟು. ಪಟ್ಟಿಯ ತುಂಡನ್ನು ಇದ್ದಿಲಿನಲ್ಲಿ ಕೆಂಪಗೆ ಕಾಯಿಸಿ ಅಡಿಗಲ್ಲಿನ ಮೇಲಿಡುವನು. ಕಂಬಾರನ ಕೈಯಲ್ಲಿ ಇಕ್ಕಳ ಮತ್ತು ಸಣ್ಣ ಸುತ್ತಿಗೆ. ಎದುರಿಗೆ ದೊಡ್ಡ ಸುತ್ತಿಗೆ ಹಿಡಿದು ನಿಂತವಳು ಅನೇಕ ಸಲ ಅವನ ಹೆಂಡತಿ. ಅವನು ಸಣ್ಣ ಸುತ್ತಿಗೆಯಿಂದ ತಟ್ಟಿ ತೋರಿದ ಜಾಗಕ್ಕೆ ಸರಿಯಾಗಿ ಅವಳ ಏಟು ಬೀಳಬೇಕು. ಮಾತಿಲ್ಲ, ಸದ್ದೇ ಮಾತು. ಹೀಗೆ ಇಬ್ಬರ ಏಟಿನಿಂದ ಅಲಗು ಹಣಿಯುತ್ತ ಬರುವುದರಿಂದ ಅದರ ಎರಡು ಮುಖಗಳು ಎಂದೂ ಅಚ್ಚಿನಲ್ಲಿ ತೆಗೆದಂತೆ ಇರಲಾರವು. ಚೂರಿಯ ಮೇಲಿನ ತಗ್ಗುದಿನ್ನೆಗಳು ಒಬ್ಬನ ರುಜುವಲ್ಲ, ಇಬ್ಬರದು. ಆದರೆ ಊರಿನವರು ಅದನ್ನು ‘ಕಂಬಾರನ ಚೂರಿ’ ಎಂದೇ ಕರೆದರು. ಆ ತಾಯಂದಿರ ಹೆಸರು ಎಲ್ಲಿಯೂ ಉಳಿಯಲಿಲ್ಲ.

ಅಲಗು ಸಿದ್ಧವಾದ ಮೇಲೆ ‘ನೀರು ಹಿಡಿಸುವ’ ಘಟ್ಟ. ಕೆಂಪಗೆ ಕಾಯಿಸಿದ ಅಲಗಿನ ಬಾಯಿಯನ್ನಷ್ಟೇ ನೀರಿಗೆ ಮುಟ್ಟಿಸುವನು, ಬೆನ್ನನ್ನು ಮುಳುಗಿಸಲಾರ. ಥಟ್ಟನೆ ತಣಿದ ಬಾಯಿ ಗಡುಸಾಗುತ್ತದೆ, ನಿಧಾನ ತಣಿದ ಬೆನ್ನು ಮೆದುವಾಗಿ ಉಳಿಯುತ್ತದೆ. ಆಮೇಲೆ ಬೆನ್ನಿನಲ್ಲಿ ಉಳಿದ ಕಾವು ಬಾಯಿಯ ಕಡೆ ಹರಿಯುವಾಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಓಡುತ್ತವೆ: ಮೊದಲು ಒಣಹುಲ್ಲಿನ ಹಳದಿ, ಆಮೇಲೆ ಕಂದು, ನೇರಳೆ, ಕೊನೆಗೆ ನೀಲಿ. ಒಣಹುಲ್ಲಿನ ಬಣ್ಣ ಬರುವುದು ಸುಮಾರು 220-230 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನೀಲಿ ಬರುವುದು 300ರ ಹತ್ತಿರ. ಕಂಬಾರನ ಬಳಿ ಉಷ್ಣಮಾಪಕವಿಲ್ಲ. ಅವನ ಕಣ್ಣೇ ಉಷ್ಣಮಾಪಕ. ಬೇಕಾದ ಬಣ್ಣ ಬಾಯಿಗೆ ಬಂದ ಕ್ಷಣ ಮತ್ತೆ ನೀರಿಗೆ. ಒಂದು ಕ್ಷಣ ಮುಂಚೆಯಾದರೆ ಬಾಯಿ ಗಾಜಿನಂತೆ ಚಕ್ಕೆ ಏಳುತ್ತದೆ, ಒಂದು ಕ್ಷಣ ತಡವಾದರೆ ಮೊಂಡಾಗುತ್ತದೆ. ತೆಳುವಾದ ಭಾಗ ಬೇಗ ತಣಿದು ದಪ್ಪ ಭಾಗ ತಡವಾಗಿ ತಣಿಯುವುದರಿಂದ ಅಲಗು ತುಸು ಸೊಟ್ಟಗಾಗುವುದೂ ಈ ಘಟ್ಟದಲ್ಲಿಯೇ. ಹಳೆಯ ಚೂರಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿದಾಗ ಕಾಣುವ ಆ ಸಣ್ಣ ಬಾಗು ಅಜಾಗರೂಕತೆಯಲ್ಲ. ಬೆಂಕಿ ನೀರುಗಳು ನಡೆಸಿದ ಜಗಳದ ಗುರುತು.

ಕೊನೆಗೆ ಅಲಗಿನ ಬಾಲವನ್ನು ಕಾಯಿಸಿ ಜಾಲಿಮರದ ಹಿಡಿಕೆಯೊಳಗೆ ಇಳಿಸಿ, ಕಬ್ಬಿಣದ ಉಂಗುರ ತೊಡಿಸಿ ಬಿಗಿ ಮಾಡುವನು. ಹಿಡಿಕೆಯನ್ನು ಕೆತ್ತುವ ಮುಂಚೆ ಕೊಳ್ಳುವವನ ಕೈಯನ್ನು ನೋಡುವನು. ಎಡಗೈಯವರ ಕುಡುಗೋಲಿಗೆ ಬಾಯಿಯ ಇಳಿಜಾರನ್ನು ಎದುರು ಕಡೆಗೆ ಮಾಡಿಕೊಡುತ್ತಿದ್ದ. ನನ್ನ ತರಗತಿಯ ಎಡಗೈಯ ಹುಡುಗನೊಬ್ಬ ಅಲ್ಲಿದ್ದ ಚೂರಿಯೊಂದನ್ನು ಎತ್ತಿ, “ಇದರ ಹಿಡಿಕಿ ಸೊಟ್ಟ ಅದ ಅಲ್ಲೇನ್ರಿ ಕಾಕಾ?” ಎಂದು ಕೇಳಿದ. ಆ ಹಿರಿಯ ನಕ್ಕು, “ಅದು ಸೊಟ್ಟ ಅಲ್ಲಪಾ, ಅದರ ಧಣಿ ಕೈನ ಹಂಗೈತಿ. ನಿನಗ ಬೇಕಂದ್ರ ನಿನ್ನ ಕೈ ಹಂಗ ಮಾಡಿ ಕೊಡ್ತೀನಿ” ಎಂದ. ಕಾರ್ಖಾನೆಯ ಚಾಕು ಎಲ್ಲರ ಕೈಗೂ ಸಲ್ಲುವಂತೆ ಮಾಡಿದ್ದು, ಆದ್ದರಿಂದ ಯಾರ ಕೈಯದೂ ಅಲ್ಲ. ಕುಲುಮೆಯ ಚೂರಿಗೆ ಒಬ್ಬನೇ ಧಣಿ.

ಚೂರಿಯ ಒರಟುತನದಲ್ಲಿ ಕಾಲಮಾನವೂ ಅಡಗಿರುತ್ತದೆ. ರೋಹಿಣಿ, ಮೃಗಶಿರ ಮಳೆಗಳ ಹೊತ್ತಿಗೆ ಕುಲುಮೆಯ ಮುಂದೆ ಕುಡ ಹಣಿಸಲು ಬಂದ ರೈತರ ಸಾಲು ನಿಂತಿರುತ್ತಿತ್ತು. ಆ ಅವಸರದ ನಡುವೆ ಮಾಡಿದ ಚೂರಿಯಲ್ಲಿ ಸುತ್ತಿಗೆಯ ಗುರುತುಗಳು ಹಾಗೆಯೇ ಉಳಿದಿವೆ. ಸುಗ್ಗಿ ಮುಗಿದ ಮೇಲೆ ಬಿಡುವಿನಲ್ಲಿ ಮಾಡಿದ್ದರಲ್ಲಿ ಅರದಿಂದ ಉಜ್ಜಿದ ನಯವಿದೆ, ಕೆಲವೊಮ್ಮೆ ಬೆನ್ನಿನ ಮೇಲೆ ಉಳಿಯಿಂದ ಕೊರೆದ ಗೀರುಗಳ ಅಲಂಕಾರವೂ ಇದೆ.

ಹಾಗಾದರೆ ಈ ಚೂರಿಯ ಕಥೆಯೆಲ್ಲ ಅಡುಗೆಮನೆ, ಹೊಲಗಳ ಶಾಂತಿಯ ಕಥೆಯೇ? ಅಲ್ಲ. ನಮ್ಮ ಕಡೆಯ ‘ಹತ್ಯಾರ’ ಎಂಬ ಶಬ್ದವನ್ನೇ ತೆಗೆದುಕೊಳ್ಳಿ. ಬಡಿಗೇರನ ಉಳಿಯೂ ಹತ್ಯಾರ, ಬೇಡನ ಕತ್ತಿಯೂ ಹತ್ಯಾರ. ದುಡಿಯುವವನಿಗೆ ಉಪಕರಣಕ್ಕೂ ಆಯುಧಕ್ಕೂ ನಡುವೆ ಗೋಡೆಯಿರಲಿಲ್ಲ. ಆ ಗೋಡೆಯನ್ನು ಕಟ್ಟಿದ್ದು ಸರಕಾರ. 1857ರಲ್ಲಿ ಬ್ರಿಟಿಷರು ನಿಶ್ಶಸ್ತ್ರೀಕರಣದ ಕಾಯಿದೆ ತಂದಾಗ ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ತಮ್ಮ ಹತ್ಯಾರಗಳನ್ನು ಒಪ್ಪಿಸಲು ನಿರಾಕರಿಸಿದರು. ಬೇಟೆಯೇ ಬದುಕಾಗಿದ್ದವರಿಗೆ ಆಯುಧ ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಪ್ಪಿಸಿದಂತೆ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಡಿಸೆಂಬರಿನಲ್ಲಿ ಗಲ್ಲಿಗೇರಿಸಿದರು. ಈ ಘಟನೆಯ ಲಾವಣಿಯನ್ನು ಜೆ. ಎಫ್. ಫ್ಲೀಟ್ ಸಂಗ್ರಹಿಸಿದ್ದರಿಂದ ಅದು ಉಳಿದು, ಮುಂದೆ ನಮ್ಮ ಮಕ್ಕಳ ಪಠ್ಯಕ್ಕೂ ಬಂತು. ಸೈನಿಕರು ದೋಚಿದ ವಸ್ತುಗಳ ಪಟ್ಟಿಯಲ್ಲಿ ಅಲ್ಲಿ ಕೊಡಲಿ, ಕುಡಗಳೂ ಬರುತ್ತವೆ. ಅರಸರ ಚರಿತ್ರೆ ಬಿಟ್ಟುಬಿಟ್ಟ ಕುಲುಮೆಯ ಸಾಮಾನುಗಳನ್ನು ಲಾವಣಿಕಾರ ಎಣಿಸಿ ಹೇಳಿದ್ದಾನೆ.

ಆ ಹೊತ್ತಿನಲ್ಲಿ ನಮ್ಮ ರಾಯಚೂರು ಸೀಮೆಯೂ ಬ್ರಿಟಿಷರ ಕೈಯಲ್ಲಿತ್ತು. 1853ರ ಒಪ್ಪಂದದಂತೆ ನಿಜಾಮನು ಒಪ್ಪಿಸಿದ್ದ ಈ ದೋಆಬನ್ನು ಅವರು 1860ರಲ್ಲಿ ಹಿಂದಿರುಗಿಸಿದರು. ಹೊಳೆಯಾಚೆ ಸುರಪುರದ ರಾಜಾ ವೆಂಕಟಪ್ಪ ನಾಯಕನು 1858ರಲ್ಲಿ ಸೋತ ಕಥೆ ನಿಮಗೆಲ್ಲ ಗೊತ್ತೇ ಇದೆ. ಇದಕ್ಕೆ ವ್ಯತಿರಿಕ್ತವಾಗಿ ಕೊಡವರಿಗೆ 1861ರಲ್ಲಿ ಆಯುಧ ಕಾಯಿದೆಯಿಂದ ವಿನಾಯಿತಿ ದೊರೆಯಿತು. ಅದು ಬೇರೆ ಬೇರೆ ರೂಪದಲ್ಲಿ ಇಂದಿಗೂ ಇದೆ. ಹೀಗಾಗಿ ಸೊಂಟಕ್ಕೆ ಸಿಕ್ಕಿಸುವ ಬೆಳ್ಳಿ ಕಟ್ಟಿನ ಪೀಚೆಕತ್ತಿ ಮತ್ತು ಬೆನ್ನಿಗೆ ತೂಗುವ ಅಗಲ ಅಲಗಿನ ಒಡಿಕತ್ತಿ ಅಲ್ಲಿ ಗೌರವದ ಉಡುಗೆಯಾಗಿ ಉಳಿದವು. ಮದುವೆಯಲ್ಲಿ ಬಾಳೆಯ ಕಂಬ ಕಡಿಯುವುದು ಇಂದಿಗೂ ಆ ಕತ್ತಿಯಿಂದಲೇ. ನಮ್ಮ ಕಡೆಯ ಬೇಟೆಯ ಚೂರಿಗೆ ಅಂಥ ಭಾಗ್ಯ ದೊರೆಯಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಅದರ ಹಳೆಯ ಕೆಲಸ ಮುಗಿಯಿತು, ಮುಗಿಯಬೇಕಾದದ್ದೂ ಹೌದು. ಆದರೆ ಕೆಲಸ ಮುಗಿದ ವಸ್ತುವಿನ ನೆನಪೂ ಮುಗಿಯಬೇಕೆಂದಿಲ್ಲ.

ಈ ಚೂರಿಗಳನ್ನು ಮಾಡಿದ ಕೈಗಳ ಬಗ್ಗೆ ಎರಡು ಮಾತು. ಜಾಲಹಳ್ಳಿಯಿಂದ ಹೊಳೆ ದಾಟಿದರೆ ತಿಂಥಣಿ. ಅಲ್ಲಿನ ಮೌನೇಶ್ವರರು ಕಂಬಾರ, ಬಡಿಗೇರ, ಪತ್ತಾರರೆಲ್ಲರ ಆರಾಧ್ಯರು. ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ಸಂತರು. ಕುಶಲಕರ್ಮಿಯ ಕುಲಕ್ಕೆ ಇಂಥ ದೊಡ್ಡ ಗುರುಪೀಠ ನಮ್ಮ ಪಕ್ಕದಲ್ಲಿಯೇ ಇದೆ. ಆದರೆ ಊರೊಳಗೆ ಆ ಕುಶಲಕರ್ಮಿಗೆ ದೊರೆತದ್ದೇನು? ಆಯಗಾರನಾದ ಅವನಿಗೆ ವರ್ಷವಿಡೀ ದುಡಿದದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಇಷ್ಟು ಜೋಳ. ಮಳೆ ಕೈಕೊಟ್ಟ ವರ್ಷ ರೈತನ ಕಣವೇ ಬರಿದು, ಇನ್ನು ಕಂಬಾರನ ಪಾಲೆಲ್ಲಿ? ಹಳೆಯ ವ್ಯವಸ್ಥೆಯನ್ನು ಕುರಿತು ಬರೆಯುವ ನಾವು ಅವನು ಕಣದಂಚಿನಲ್ಲಿ ಜೋಳಿಗೆ ಹಿಡಿದು ಕಾದು ನಿಂತದ್ದನ್ನು ಮರೆಯಬಾರದು. ಚೂರಿಯ ಅಂದವನ್ನು ಹೊಗಳಿ, ಮಾಡಿದವನ ಹಸಿವನ್ನು ಬಿಟ್ಟರೆ ಅದು ಅರ್ಧ ಇತಿಹಾಸ.

ಆ ವ್ಯವಸ್ಥೆಯೂ ಈಗ ಇಲ್ಲ. ನಾರಾಯಣಪುರ ಬಲದಂಡೆ ಕಾಲುವೆಯ ನೀರು ನಮ್ಮ ತಾಲೂಕಿಗೆ ಬಂದಿತು, ಎತ್ತಿನ ನೇಗಿಲಿನ ಜಾಗಕ್ಕೆ ಟ್ರ್ಯಾಕ್ಟರ್ ಬಂದಿತು, ಭತ್ತ ಕೊಯ್ಯಲು ಯಂತ್ರ ಬಂದಿತು. ಒಳ್ಳೆಯದೇ ಆಯಿತು. ಆದರೆ ಕುಡ ಹಣಿಸುವವರಿಲ್ಲದ ಮೇಲೆ ಕುಲುಮೆಗೆ ಬೆಂಕಿಯೇಕೆ? ಅಡುಗೆಮನೆಗೆ ತುಕ್ಕು ಹಿಡಿಯದ ಉಕ್ಕಿನ ಚಾಕು ಬಂದಿತು. 1913ರಲ್ಲಿ ಶೆಫೀಲ್ಡಿನ ಹ್ಯಾರಿ ಬ್ರೇರ್ಲಿ ಆ ಉಕ್ಕನ್ನು ಕಂಡುಹಿಡಿದಾಗ ಅಲ್ಲಿನ ಚಾಕು ತಯಾರಕರೇ ‘ಕೊಯ್ಯದ ಚಾಕು’ ಎಂದು ನಕ್ಕಿದ್ದರಂತೆ. ಆಮೇಲೆ ಅದು ಸುಧಾರಿಸಿತು, ಜಗತ್ತನ್ನೇ ಗೆದ್ದಿತು. 2023ರಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ ಹದಿನೆಂಟು ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ತರಬೇತಿ, ಸಾಲ, ಉಪಕರಣಕ್ಕೆ 15,000 ರೂಪಾಯಿಯ ನೆರವು ಇದೆ. ಸಂತೋಷ. ಆದರೆ ಕುಲುಮೆಗೆ ಉಪಕರಣಕ್ಕಿಂತ ಮುಖ್ಯವಾಗಿ ಬೇಕಾದುದು ಗಿರಾಕಿ. ಅಪ್ಪನ ಕಣ್ಣು ಕಲಿತ ಬಣ್ಣದ ಲೆಕ್ಕ ಮಗನ ಕಣ್ಣಿಗೆ ದಾಟದೆ ಹೋದರೆ ಅದನ್ನು ಯಾವ ಪುಸ್ತಕದಿಂದಲೂ ಮರಳಿ ಪಡೆಯಲಾಗದು. ಮೂಸೆಯ ಉಕ್ಕಿನ ವಿದ್ಯೆ ಹೋದದ್ದು ಹೀಗೆಯೇ.

ಕೈಯಿಂದ ಮಾಡಿದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಕೊಯ್ಯದ ಚೂರಿ ಯಾರು ಮಾಡಿದರೂ ಕೆಟ್ಟ ಚೂರಿಯೇ; ಈ ಮಾತನ್ನು ಕಂಬಾರನೇ ಮೊದಲು ಒಪ್ಪುತ್ತಾನೆ. ಅವನು ಸೊಟ್ಟ ಮಾಡಬೇಕೆಂದು ಮಾಡಿದವನಲ್ಲ. ನೆಟ್ಟಗೆ ಮಾಡಲು ಹೊರಟು, ಇದ್ದ ಕಬ್ಬಿಣ, ಇದ್ದ ಬೆಂಕಿ, ಇದ್ದ ಸಮಯಗಳಲ್ಲಿ ಕೆಲಸಕ್ಕೆ ಬೇಕಾದಷ್ಟು ನೆಟ್ಟಗಾದ ಮೇಲೆ ಸುತ್ತಿಗೆ ಕೆಳಗಿಟ್ಟವನು. ಎಲ್ಲಿ ನಿಲ್ಲಿಸಬೇಕೆಂದು ತಿಳಿದ ಆ ವಿವೇಕವೇ ನನಗೆ ಅವನ ಚೂರಿಯಲ್ಲಿ ಕಾಣುವ ಸೌಂದರ್ಯ.

ಆದ್ದರಿಂದ ನನ್ನ ಶಿಷ್ಯರಲ್ಲಿಯೂ ಬಂಧುಗಳಲ್ಲಿಯೂ ಒಂದು ಕೋರಿಕೆ. ಮುಂದಿನ ಸಲ ಊರಿಗೆ ಹೋದಾಗ ಅಟ್ಟದ ಮೇಲೆ, ದನದ ಕೊಟ್ಟಿಗೆಯ ಗೂಡಿನಲ್ಲಿ ಹುಡುಕಿ ನೋಡಿರಿ. ತುಕ್ಕು ಹಿಡಿದ ಚೂರಿಯೋ ಕುಡುಗೋಲೋ ಸಿಕ್ಕರೆ ಮೋಡಕಾಕ್ಕೆ ಹಾಕಬೇಡಿರಿ. ಮೇಲಿನ ತುಕ್ಕನ್ನು ಮೆಲ್ಲಗೆ ಉಜ್ಜಿ, ಒಂದು ಹನಿ ಎಣ್ಣೆ ಸವರಿರಿ. ಯಂತ್ರದ ಸಾಣೆಗೆ ಕೊಟ್ಟು ಸುತ್ತಿಗೆಯ ಗುರುತುಗಳನ್ನು ಅಳಿಸಬೇಡಿರಿ. ಬಾಯಿ ಎಷ್ಟು ಸವೆದಿದೆ, ಯಾವ ಕಡೆ ಹೆಚ್ಚು ಸವೆದಿದೆ, ಹಿಡಿಕೆ ಎಷ್ಟು ಸಲ ಬದಲಾಗಿದೆ ನೋಡಿರಿ. ಅದನ್ನು ಬಳಸಿದವರು ಯಾರು, ಮಾಡಿದವರು ಯಾರು ಎಂದು ಮನೆಯ ಹಿರಿಯರನ್ನು ಕೇಳಿ ಒಂದು ಚೀಟಿಯಲ್ಲಿ ಬರೆದಿಡಿರಿ. ಊರಲ್ಲಿ ಇನ್ನೂ ಕುಲುಮೆ ಉರಿಯುತ್ತಿದ್ದರೆ ಚೌಕಾಸಿ ಮಾಡದೆ ಒಂದು ಚೂರಿ ಮಾಡಿಸಿಕೊಳ್ಳಿರಿ. ಖಂಡೆಪೂಜೆಯ ದಿನ ಕಾರು, ಕಂಪ್ಯೂಟರುಗಳಿಗೆ ಕುಂಕುಮ ಹಚ್ಚುವಾಗ ಅದನ್ನೂ ಪಕ್ಕದಲ್ಲಿಟ್ಟು ಒಂದು ಹೂ ಏರಿಸಿರಿ.